ಓದುವುದು ಬಂಡಾಯವೇ?

ನಮ್ಮ ಮನೆಮಾತು ಉರ್ದು. ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಹೋಗಿ ಬಿ.ಕಾಂ. ಓದುತ್ತೇನೆಂದ ಆಪಾಳನ್ನು ಚಾಚಾ ‘ಬಾಗಿ’ ಎಂದರು. ಕನ್ನಡದಲ್ಲಿ ಹೇಳುವುದಾದರೆ ಬಂಡಾಯಗಾರ್ತಿ. ಚುನಾವಣೆ ಬಂದಾಗ ಟಿಕೆಟ್ ಸಿಗದೆ ಮುನಿದವರೂ ‘ಬಂಡಾಯ ಅಭ್ಯರ್ಥಿ’ಗಳೇ. ಪದ ಇಷ್ಟು ಅಗ್ಗವಾಗಬಾರದು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು ಅನ್ಯಾಯವನ್ನು ಎದುರಿಸಲು. ಆ ಚಳವಳಿಯೊಂದಿಗೆ ಬೆಳೆದ ಹಾಸನದ ಬಾನು ಮುಷ್ತಾಕ್ ಮುಸ್ಲಿಂ ಹೆಣ್ಣುಮಕ್ಕಳ ನೋವನ್ನು ಕನ್ನಡದಲ್ಲಿ ಬರೆದರು. ಆ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಅದು ಬಂಡಾಯ. ಆಪಾ ಕೇಳಿದ್ದು ಬೆಳಗಿನ ಬಸ್ಸಿಗೆ ಹೋಗಲು ಒಪ್ಪಿಗೆ ಮಾತ್ರ. ಇಲ್ಮ್ ಕಲಿಯುವುದು ಫರ್ಜ್ ಎಂದು ನಮಗೆ ಹೇಳಿಕೊಟ್ಟವರೂ ಚಾಚಾನೇ. ಫರ್ಜ್ ಪೂರೈಸುವವಳು ಬಾಗಿ ಹೇಗಾದಾಳು? ಚಾಚಾ, ಅಡ್ಮಿಷನ್ ಇನ್ನೂ ಮುಗಿದಿಲ್ಲ.