ಹಾಲುಹಲ್ಲು ತಾನೇ ಅಂತ ಸುಮ್ಮನಿರಬೇಡಿ

ಮಗಳ ದವಡೆಹಲ್ಲಿನಲ್ಲಿ ಕಪ್ಪು ಚುಕ್ಕೆ ಕಂಡಾಗ, "ಹಾಲುಹಲ್ಲು ತಾನೇ, ಹೇಗೂ ಬಿದ್ದು ಹೋಗ್ತದೆ" ಅಂದುಕೊಂಡವಳು ನಾನು. ಅತ್ತೆಯೂ ಹೌದೆಂದರು. ಆರು ತಿಂಗಳಾಗಿರಬೇಕು, ಒಂದು ರಾತ್ರಿ ಕೆನ್ನೆ ಊದಿ ಬೆಳಗಿನವರೆಗೂ ಅತ್ತಳು. ಲವಂಗದೆಣ್ಣೆ, ಉಪ್ಪುನೀರು ಯಾವುದೂ ನಡೆಯಲಿಲ್ಲ. ಏಳು ವರ್ಷದ ಮಗುವಿಗೆ ಹಲ್ಲಿನ ಬೇರಿನ ಚಿಕಿತ್ಸೆ! ಮಣಿಪಾಲದಲ್ಲಿ 1965ರಿಂದಲೂ ದಂತ ವೈದ್ಯಕೀಯ ಕಾಲೇಜಿದೆ. ಮಲ್ಪೆಯಿಂದ ಬಸ್ ಹತ್ತಿದ್ದರೆ ಸಾಕಿತ್ತು. ಹತ್ತಲಿಲ್ಲ, ಅಷ್ಟೆ.

ದವಾಖಾನೆಯಲ್ಲಿ ಪಕ್ಕ ಕೂತಿದ್ದ ಒಬ್ಬ ತಾಯಿ ಕೇಳಿದರು: "ಈಗ ನ್ಯಾನೋ ಅಂತ ಏನೋ ಬಂದಿದೆಯಂತೆ, ಹುಳುಕೇ ಆಗುವುದಿಲ್ಲವಂತೆ, ಹೌದಾ?"

ಅರ್ಧ ಹೌದು. ನ್ಯಾನೋ ಎಂದರೆ ಅತಿ ಸಣ್ಣ ಕಣ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಲ್ಲಿಯೇ ಬೆಳೆದ ಥೆರಾನಾಟಿಲಸ್ ಎಂಬ ಕಂಪನಿಯವರು 2022ರಲ್ಲಿ ಸುರುಳಿಯಾಕಾರದ ಪುಟ್ಟ ಕಣಗಳನ್ನು ತೋರಿಸಿದರು. ಮೈಗೆ ಕಬ್ಬಿಣದ ಲೇಪವಿರುವ ಇವುಗಳನ್ನು ಅಯಸ್ಕಾಂತದ ಬಲದಿಂದ ಹಲ್ಲಿನೊಳಗಿನ ಸೂಕ್ಷ್ಮ ಕೊಳವೆಗಳಿಗೆ ಕಳಿಸಿ, ಶಾಖದಿಂದ ರೋಗಾಣುಗಳನ್ನು ಕೊಲ್ಲಬಹುದು. ಕಿತ್ತು ತೆಗೆದ ಹಲ್ಲುಗಳಲ್ಲಿ ಅವು 2 ಮಿಲಿಮೀಟರ್ ಆಳಕ್ಕೆ ಇಳಿದವು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲೂ ಕಬ್ಬಿಣದ ನ್ಯಾನೋ ಕಣಗಳಿಂದ ಹಲ್ಲಿನ ಅಂಟುಪದರವನ್ನು ಒಡೆಯುವ ಪ್ರಯೋಗ ನಡೆದಿದೆ. ಸಂತೋಷದ ಸಂಗತಿಯೇ. ಆದರೆ ಇದನ್ನು ನಂಬಿ ಬ್ರಷ್ ಕೆಳಗಿಡುವ ಹಾಗಿಲ್ಲ.

ನಮ್ಮ ಮಲ್ಪೆಯಲ್ಲಿ ದೋಣಿಯ ಅಡಿ ಎಷ್ಟು ಕೆರೆದು ಬಣ್ಣ ಬಳಿದರೂ ನೀರಿಗಿಳಿದ ಮೇಲೆ ಮತ್ತೆ ಪಾಚಿ ಹಿಡಿಯುತ್ತದೆ. ಹಲ್ಲಿನ ಕಥೆಯೂ ಅದೇ. ತಿಕ್ಕಿದ ಕೆಲವೇ ಗಂಟೆಗಳಲ್ಲಿ ರೋಗಾಣುಗಳ ತೆಳು ಪದರ ಮತ್ತೆ ಕೂಡುತ್ತದೆ. ಸಕ್ಕರೆ ಸಿಕ್ಕರೆ ಅವು ಆಮ್ಲ ಮಾಡುತ್ತವೆ, ಆಮ್ಲ ಹಲ್ಲನ್ನು ತಿನ್ನುತ್ತದೆ. ಕುಳಿ ಬಿದ್ದ ಮೇಲೆ ಯಾವ ದುಬಾರಿ ಪೇಸ್ಟೂ ಅದನ್ನು ಮುಚ್ಚಲಾರದು.

ಹಾಗಾದರೆ ಏನು ಮಾಡಬೇಕು?

* ಫ್ಲೋರೈಡ್ ಇರುವ ಪೇಸ್ಟ್ ಬಳಸಿ. 3 ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿಯಷ್ಟು ಸಾಕು.

* ದಿನಕ್ಕೆರಡು ಬಾರಿ ತಿಕ್ಕಿಸಿ. ಅದರಲ್ಲೂ ಮಲಗುವ ಮುಂಚೆ ತಪ್ಪಿಸಬೇಡಿ. ಏಳೆಂಟು ವರ್ಷದವರೆಗೆ ನೀವೇ ಕೈಹಿಡಿದು ತಿಕ್ಕಿ.

* ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ.

* ಚಾಕೊಲೇಟ್, ಬಿಸ್ಕತ್ತು ಕೊಡುವುದಾದರೆ ಊಟದ ಜೊತೆಗೇ ಕೊಡಿ. ಗಂಟೆಗೊಮ್ಮೆ ಬೇಡ.

* ಮಗುವಿಗೆ ವರ್ಷ ತುಂಬುವುದರೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ.

ಹಾಲಿನ ದವಡೆಹಲ್ಲು ಹತ್ತು-ಹನ್ನೆರಡು ವರ್ಷದವರೆಗೂ ಬಾಯಲ್ಲಿರಬೇಕು. ಮುಂದಿನ ಹಲ್ಲಿಗೆ ಜಾಗ ಕಾಯುವುದು ಅದೇ. ಇವತ್ತು ರಾತ್ರಿ ಟಾರ್ಚ್ ಹಿಡಿದು ಮಗುವಿನ ಬಾಯಿ ಒಮ್ಮೆ ನೋಡಿ. ಕಪ್ಪು ಚುಕ್ಕೆ ಕಂಡರೆ ನನ್ನಂತೆ ಆರು ತಿಂಗಳು ಕಾಯಬೇಡಿ.