ಸಲಹೆ ಕೊಡುವವರ ಹಿನ್ನೆಲೆಯೂ ಹೊಣೆಯೂ

ಗದಗಿನಿಂದ ಹುಬ್ಬಳ್ಳಿಯತ್ತ ಹೊರಟವರಿಗೆ ಸ್ವಲ್ಪ ಹೊತ್ತಿನಲ್ಲಿಯೇ ಹುಲಕೋಟಿ ಎದುರಾಗುತ್ತದೆ. ಸಹಕಾರಿ ನೂಲಿನ ಗಿರಣಿ, ಕೃಷಿ ವಿಜ್ಞಾನ ಕೇಂದ್ರ, ಗ್ರಾಮೀಣ ಎಂಜಿನಿಯರಿಂಗ್ ಕಾಲೇಜು ಇವೆಲ್ಲ ಒಂದೇ ಹಳ್ಳಿಯ ಹೆಸರಿನೊಡನೆ ಸೇರಿಕೊಂಡಿರುವುದು ನಮ್ಮ ರಾಜ್ಯದಲ್ಲಿ ಅಪರೂಪ. ಕೆ.ಎಚ್. ಪಾಟೀಲರಂಥ (1925–1992) ಸಹಕಾರಿ ನಾಯಕರು ಹುಟ್ಟಿ ಬೆಳೆದ ಊರು ಇದು. ಇದೇ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು.

ಈ ಇತಿಹಾಸವನ್ನು ನೆನೆಯಲು ಕಾರಣವಿದೆ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯು ಗ್ರಾಮೀಣ ಸಂಘಗಳಿಗೆ ಸಾಮಾನ್ಯವಾಗಿ ಅಪರಿಮಿತ ಹೊಣೆಗಾರಿಕೆಯನ್ನು ವಿಧಿಸಿತ್ತು. ಅಂದರೆ, ಸಂಘವು ಯೋಗ್ಯತೆಯಿಲ್ಲದವನಿಗೆ ಸಾಲ ಕೊಟ್ಟು ಮುಳುಗಿದರೆ ಸದಸ್ಯರ ಹೊಲ ಮನೆಗಳೂ ಆ ಸಾಲಕ್ಕೆ ಈಡಾಗಬಹುದಿತ್ತು. ಯಾರಿಗೆ ಸಾಲ ಕೊಡಬೇಕು, ಯಾವ ಬೆಳೆಗೆ ಕೊಡಬೇಕು ಎಂದು ಹೇಳುತ್ತಿದ್ದವರೇ ಆ ಮಾತಿನ ಫಲವನ್ನೂ ಉಣ್ಣಬೇಕಾಗಿತ್ತು. ಸಲಹೆಯೂ ಹೊಣೆಯೂ ಒಂದೇ ಕಟ್ಟೆಯ ಮೇಲೆ ಕುಳಿತಿದ್ದವು.

ಇಂದು ಇವೆರಡೂ ಬೇರೆಯಾಗಿವೆ. ಕುಡಿಯುವ ನೀರು, ಜಲಾನಯನ, ಕಸ ವಿಲೇವಾರಿ, ದತ್ತಾಂಶ ಸಂಗ್ರಹ, ಕೌಶಲ ತರಬೇತಿ, ಯಾವುದೇ ಯೋಜನೆಯಿರಲಿ, ಅದರ ವಿವರವಾದ ವರದಿಯನ್ನು ಸಿದ್ಧಪಡಿಸುವವರು ಸಲಹೆಗಾರರು. ಅನುಷ್ಠಾನದ ಮೇಲ್ವಿಚಾರಣೆಗೆ ಇನ್ನೊಬ್ಬ ಸಲಹೆಗಾರ, ಫಲಿತಾಂಶದ ಮೌಲ್ಯಮಾಪನಕ್ಕೆ ಮತ್ತೊಬ್ಬ. ಇವರಲ್ಲಿ ಸಂಶೋಧನೆಯಿಂದ ಬಂದವರಿದ್ದಾರೆ, ಸ್ವಯಂಸೇವೆಯಿಂದ ಬಂದವರಿದ್ದಾರೆ, ತಂತ್ರಜ್ಞಾನದಿಂದ ಬಂದವರಿದ್ದಾರೆ. ಅವರ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಸರ್ಕಾರದೊಳಗೆ ಎಲ್ಲ ಪರಿಣತಿಯೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಅವರು ಯಾರು, ಇದಕ್ಕೂ ಮೊದಲು ಎಲ್ಲಿ ಏನು ಕೆಲಸ ಮಾಡಿದ್ದರು, ಯಾರಿಂದ ಸಂಭಾವನೆ ಪಡೆದಿದ್ದರು ಎಂಬುದು ಯಾವ ಹಳ್ಳಿಗಾಗಿ ವರದಿ ಬರೆಯಲಾಗುತ್ತದೆಯೋ ಆ ಹಳ್ಳಿಗೇ ತಿಳಿಯುವುದಿಲ್ಲ.

ನಿಯಮಗಳಲ್ಲಿ ಇದಕ್ಕೆ ವ್ಯವಸ್ಥೆ ಇಲ್ಲವೆಂದಲ್ಲ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಸಲಹಾ ಸೇವೆಗಳ ಆಯ್ಕೆಗೆಂದೇ ಪ್ರತ್ಯೇಕ ವಿಧಿಗಳಿವೆ. ನಮ್ಮ ರಾಜ್ಯದಲ್ಲಿ 1999ರ ಪಾರದರ್ಶಕ ಸಂಗ್ರಹಣೆ ಕಾಯ್ದೆ ಇದೆ. ಗುಣಮಟ್ಟ ಮತ್ತು ವೆಚ್ಚ ಎರಡನ್ನೂ ತೂಗಿ ಆಯ್ಕೆ ಮಾಡುವ ಪದ್ಧತಿಯಲ್ಲಿ ಸಂಸ್ಥೆಯ ಪೂರ್ವಾನುಭವ, ಕಾರ್ಯವಿಧಾನ ಮತ್ತು ಪ್ರಮುಖ ತಜ್ಞರ ಅರ್ಹತೆಗೆ ಅಂಕ ಕೊಡಲಾಗುತ್ತದೆ. ಅಂದರೆ ತಜ್ಞರ ಹಿನ್ನೆಲೆಯನ್ನು ಸರ್ಕಾರ ಅಳೆಯುತ್ತದೆ, ಅದಕ್ಕೆ ಬೆಲೆಯನ್ನೂ ಕಟ್ಟುತ್ತದೆ. ತೊಡಕು ಇರುವುದು ಅನಂತರದ ಹಂತದಲ್ಲಿ.

ಸೇವೆಯಲ್ಲಿದ್ದಾಗ ಇಂಥ ಮೌಲ್ಯಮಾಪನ ಸಮಿತಿಯೊಂದರಲ್ಲಿ ನಾನೂ ಕುಳಿತಿದ್ದೆ. ಸಂಸ್ಥೆಯೊಂದು ಸಲ್ಲಿಸಿದ ತಜ್ಞರ ಪಟ್ಟಿಯಲ್ಲಿ ಮಣ್ಣು ವಿಜ್ಞಾನ, ಗ್ರಾಮೀಣ ಸಮಾಜಶಾಸ್ತ್ರ, ಭೂಜಲ ವಿಜ್ಞಾನಗಳಲ್ಲಿ ದಶಕಗಳ ಅನುಭವವಿದ್ದವರ ಹೆಸರುಗಳಿದ್ದವು. ಅಂಕಗಳನ್ನು ಧಾರಾಳವಾಗಿಯೇ ಕೊಟ್ಟೆವು. ಕೆಲಸ ಆರಂಭವಾದ ಮೇಲೆ ಬಂದವರು ಬೇರೆ. ಆಗಷ್ಟೇ ಪದವಿ ಮುಗಿಸಿದ ಇಬ್ಬರು ಯುವಕರು ಮಡಿಲ ಗಣಕ ಹಿಡಿದು ಬಂದರು. ಬುದ್ಧಿವಂತರು, ವಿನಯಶೀಲರು, ಆದರೆ ಎರೆ ಹೊಲಕ್ಕೂ ಮಸಾರಿ ಹೊಲಕ್ಕೂ ಇರುವ ವ್ಯತ್ಯಾಸ ಅವರಿಗೆ ತಿಳಿದಿರಲಿಲ್ಲ. ಹಿರಿಯ ತಜ್ಞರು ‘ಅನಿವಾರ್ಯ ಕಾರಣಗಳಿಂದ’ ಲಭ್ಯರಿಲ್ಲವೆಂಬ ಪತ್ರ ಕಡತ ಸೇರಿತು. ಅದನ್ನು ಒಪ್ಪಿಕೊಂಡವರಲ್ಲಿ ನಾನೂ ಒಬ್ಬ. ಆರ್ಥಿಕ ವರ್ಷ ಮುಗಿಯುತ್ತ ಬಂದಿತ್ತು, ಹಣ ವಾಪಸು ಹೋಗುತ್ತದೆಂಬ ಭಯವಿತ್ತು. ವಿವರಣೆ ಅಷ್ಟೇ, ಸಮರ್ಥನೆಯಲ್ಲ.

ಎರೆ ಮಸಾರಿಗಳ ವ್ಯತ್ಯಾಸ ಸಣ್ಣ ಸಂಗತಿಯೆಂದು ಪಟ್ಟಣದವರಿಗೆ ತೋರಬಹುದು. ಗದಗ ಜಿಲ್ಲೆಯಲ್ಲಿ ಅದೇ ಬದುಕು. ಎರೆ ಮಣ್ಣು ತೇವ ಹಿಡಿದಿಡುವುದರಿಂದಲೇ ಮುಂಗಾರಿಯಲ್ಲಿ ಹೆಸರು, ಹಿಂಗಾರಿಯಲ್ಲಿ ಜೋಳ ಅಥವಾ ಕಡಲೆ ಸಾಧ್ಯ. ಮಸಾರಿಯಲ್ಲಿ ನೀರು ಬೇಗ ಇಂಗಿಹೋಗುತ್ತದೆ. ಒಂದೇ ಮಾದರಿಯ ಕೃಷಿ ಹೊಂಡವನ್ನು ಎರಡೂ ಕಡೆ ತೋಡಿದರೆ, ಎರೆಯಲ್ಲಿ ನೀರು ನಿಲ್ಲುತ್ತದೆ, ಮಸಾರಿಯಲ್ಲಿ ಹಾಳೆ ಹಾಸದಿದ್ದರೆ ಬರಿಯ ಗುಂಡಿ ಉಳಿಯುತ್ತದೆ. ಆ ಗುಂಡಿಯಿಂದ ನಷ್ಟವಾಗುವುದು ರೈತನಿಗೆ, ವರದಿ ಬರೆದವನಿಗಲ್ಲ.

ಹಿನ್ನೆಲೆಗಳು ಸರಿಯಾಗಿ ಕೂಡಿದಾಗ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲಿಯೇ ನಿದರ್ಶನವಿದೆ. ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆಯ ಮೊದಲ ಹಂತದಲ್ಲಿ ಉಪಗ್ರಹ ಚಿತ್ರಗಳ ನೆರವಿನಿಂದ ಮೇಲ್ವಿಚಾರಣೆ ಮತ್ತು ಮೌಲ್ಯಮಾಪನ ನಡೆಸಿದ್ದು ಬಾಹ್ಯಾಕಾಶ ಇಲಾಖೆಯ ಆಂಟ್ರಿಕ್ಸ್ ಸಂಸ್ಥೆ. ಹಳ್ಳಿಗಳಲ್ಲಿ ಜನರನ್ನು ಸಂಘಟಿಸಿದ್ದು ಸ್ವಯಂಸೇವಾ ಸಂಸ್ಥೆಗಳು. ಗದಗವೂ ಸೇರಿದ್ದ ಮೂರನೆಯ ಹಂತದಲ್ಲಿ ಕೃಷಿ ವಿಶ್ವವಿದ್ಯಾಲಯಗಳೂ ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆಯೂ ಮಣ್ಣಿನ ಆಳ, ಇಳಿಜಾರು, ಗುಣಗಳನ್ನು ದಾಖಲಿಸಿ ಭೂ ಸಂಪನ್ಮೂಲ ಸಮೀಕ್ಷೆ ಸಿದ್ಧಪಡಿಸಿದವು. ಸಂಶೋಧಕ, ಸ್ವಯಂಸೇವಕ, ತಂತ್ರಜ್ಞ ಮೂವರೂ ಇದ್ದರು. ಯಾರು ಯಾವ ಕೆಲಸಕ್ಕೆ ಬಂದಿದ್ದಾರೆಂಬುದು ಸ್ಪಷ್ಟವಿತ್ತು.

ವ್ಯಕ್ತಿಗಳ ಮಟ್ಟದಲ್ಲಿಯೂ ಮಾದರಿಗಳಿಗೆ ಕೊರತೆಯಿಲ್ಲ. ಎಂಜಿನಿಯರಿಂಗ್ ಓದಿ ಅಮೆರಿಕದಲ್ಲಿ ಉದ್ಯೋಗದಲ್ಲಿದ್ದ ಎಸ್.ಆರ್. ಹಿರೇಮಠರು 1979ರಲ್ಲಿ ತಾಯ್ನಾಡಿಗೆ ಮರಳಿದಾಗ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಭಾಗದಲ್ಲಿ ಗ್ರಾಮಾಭಿವೃದ್ಧಿಯ ಕೆಲಸಕ್ಕೆ ತೊಡಗಿದರು. ಮುಂದೆ ಸಮಾಜ ಪರಿವರ್ತನ ಸಮುದಾಯದ ಮೂಲಕ ಅರಣ್ಯ ಮತ್ತು ಗಣಿಗಾರಿಕೆಯ ಪ್ರಶ್ನೆಗಳನ್ನು ಅವರು ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದರು. ಅವರ ನಿಲುವುಗಳನ್ನು ಒಪ್ಪದವರಿರಬಹುದು. ಆದರೆ ಅವರು ಎಲ್ಲಿಂದ ಬಂದವರು, ಎಲ್ಲಿ ನೆಲೆ ನಿಂತವರು ಎಂಬುದು ಎಲ್ಲರಿಗೂ ತಿಳಿದಿದೆ. ಹಿನ್ನೆಲೆ ತಿಳಿದಾಗ ಮಾತ್ರ ಮಾತನ್ನು ತೂಗಲು ಬರುತ್ತದೆ.

ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವನ್ನೇ ನೋಡಿ. ದೇಶದ ಇಂಥ ಕೇಂದ್ರಗಳ ಸಾಮಾನ್ಯ ವಿನ್ಯಾಸದಲ್ಲಿ ಒಬ್ಬ ಮುಖ್ಯಸ್ಥ ಮತ್ತು ಆರು ವಿಷಯ ತಜ್ಞರೂ ಸೇರಿ ಒಟ್ಟು 16 ಹುದ್ದೆಗಳಿರುತ್ತವೆ. ಬೇಸಾಯ, ತೋಟಗಾರಿಕೆ, ಸಸ್ಯ ಸಂರಕ್ಷಣೆ, ಗೃಹ ವಿಜ್ಞಾನ, ಹೀಗೆ ಯಾರ ವಿಷಯ ಯಾವುದೆಂದು ರೈತ ಕೇಳಿ ತಿಳಿಯಬಹುದು. ಸಲಹೆ ತಪ್ಪಿದರೆ ಮುಂದಿನ ಹಂಗಾಮಿನಲ್ಲಿ ಅದೇ ಬಾಗಿಲಿಗೆ ಬಂದು ಜಗಳವಾಡಬಹುದು. ಈ ಜಗಳವಾಡುವ ಅವಕಾಶವೇ ಅತ್ಯುತ್ತಮ ಮೌಲ್ಯಮಾಪನ. ಬೆಂಗಳೂರು ಅಥವಾ ದೆಹಲಿಯ ವಿಳಾಸದ ಸಂಸ್ಥೆಯೊಂದಿಗೆ ಮುಂಡರಗಿಯ ಮೆಣಸಿನಕಾಯಿ ಬೆಳೆಗಾರ ಎಲ್ಲಿ ಜಗಳವಾಡಬೇಕು?

ಮಾಹಿತಿ ಹಕ್ಕು ಕಾಯ್ದೆ ಇದೆಯಲ್ಲ ಎನ್ನಬಹುದು. 2005ರ ಆ ಕಾಯ್ದೆಯ 4ನೇ ಪ್ರಕರಣದ ಪ್ರಕಾರ ಸಾರ್ವಜನಿಕ ಪ್ರಾಧಿಕಾರಗಳು ಯಾರೂ ಕೇಳದೆಯೇ ಅನೇಕ ವಿವರಗಳನ್ನು ಪ್ರಕಟಿಸಬೇಕು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 8(1)(ಜೆ) ಪ್ರಕರಣವನ್ನು ತಿದ್ದಿ, ವೈಯಕ್ತಿಕ ಮಾಹಿತಿಗೆ ಇನ್ನೂ ವಿಸ್ತಾರವಾದ ವಿನಾಯಿತಿ ಕೊಟ್ಟಿದೆ. ಸಾರ್ವಜನಿಕ ಹಿತಾಸಕ್ತಿಗೆ ಸಂಬಂಧಿಸಿದ 8(2)ನೇ ಪ್ರಕರಣ ಉಳಿದಿದೆಯಾದರೂ, ಸಲಹೆಗಾರನ ಅರ್ಹತೆ ಅನುಭವಗಳನ್ನು ‘ವೈಯಕ್ತಿಕ’ ಎಂದು ಹೇಳಿ ಅರ್ಜಿ ತಿರಸ್ಕರಿಸುವುದು ಈಗ ಸುಲಭ. ಮನೆಯ ವಿಳಾಸ, ದೂರವಾಣಿ, ಕುಟುಂಬದ ವಿವರ ಖಾಸಗಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಅರ್ಹತೆಗಾಗಿ ಸಾರ್ವಜನಿಕರ ಹಣ ಪಾವತಿಯಾಯಿತೋ ಆ ಅರ್ಹತೆ ಖಾಸಗಿಯಾಗಿ ಉಳಿಯಲಾರದು.

ಆದ್ದರಿಂದ ರಾಜ್ಯ ಸರ್ಕಾರವು ಅರ್ಜಿಗಾಗಿ ಕಾಯದೆ, ಒಪ್ಪಂದದ ಷರತ್ತಾಗಿಯೇ ಕೆಲವು ಕ್ರಮಗಳನ್ನು ಜಾರಿಗೆ ತರಬೇಕು. ಮೊದಲನೆಯದಾಗಿ, ಪ್ರತಿ ಯೋಜನಾ ವರದಿಯ ಮೊದಲ ಪುಟದಲ್ಲಿ ಅದನ್ನು ನಿಜವಾಗಿ ಬರೆದವರ ಹೆಸರು, ವಿದ್ಯಾರ್ಹತೆ, ಪೂರ್ವಾನುಭವ, ಆ ಪ್ರದೇಶದಲ್ಲಿ ಅವರು ಕಳೆದ ದಿನಗಳ ಸಂಖ್ಯೆ ಇರಬೇಕು. ಎರಡನೆಯದಾಗಿ, ಆ ಯೋಜನೆಯಿಂದ ಲಾಭ ಪಡೆಯಬಹುದಾದ ಕಂಪನಿಗಳಿಗೆ ಅವರು ಹಿಂದೆ ಕೆಲಸ ಮಾಡಿದ್ದರೆ ಅದನ್ನು ಘೋಷಿಸಬೇಕು. ಮೂರನೆಯದಾಗಿ, ಅಂಕ ಗಳಿಸಿಕೊಟ್ಟ ತಜ್ಞರ ಬದಲು ಕಡಿಮೆ ಅರ್ಹತೆಯವರು ಬಂದರೆ ಶುಲ್ಕ ಕಡಿತವಾಗಬೇಕು, ಕಡತಕ್ಕೆ ಪತ್ರ ಸೇರಿಸಿ ಮುಗಿಸಬಾರದು. ನಾಲ್ಕನೆಯದಾಗಿ, ವರದಿಯ ಸಾರಾಂಶ ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬಂದು, ಅಲ್ಲಿನ ಆಕ್ಷೇಪಗಳಿಗೆ ಉತ್ತರ ದಾಖಲಾದ ಮೇಲೆಯೇ ಕೊನೆಯ ಕಂತು ಬಿಡುಗಡೆಯಾಗಬೇಕು.

ಅಂಕ ನೀಡಿಕೆಯಲ್ಲಿಯೂ ಬದಲಾವಣೆ ಬೇಕು. ವಿದೇಶದ ಪದವಿಗೆ, ದೊಡ್ಡ ಸಂಸ್ಥೆಯ ವಹಿವಾಟಿಗೆ ಅಂಕ ಕೊಡುವ ನಾವು ಹಳ್ಳಿಯಲ್ಲಿ ಹತ್ತು ವರ್ಷ ಸ್ವಯಂಸೇವಕಿಯಾಗಿ ದುಡಿದವಳ ಅನುಭವವನ್ನು ಎಣಿಸುವುದೇ ಇಲ್ಲ. ಗದಗದಲ್ಲಿಯೇ 2016ರ ಕಾಯ್ದೆಯಡಿ ಸ್ಥಾಪಿತವಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಅಲ್ಲಿ ಓದಿದವರಿಗೆ ಈ ವರದಿಗಳನ್ನು ಬರೆಯುವ ಅವಕಾಶ ಸಿಗದಿದ್ದರೆ ಆ ವಿಶ್ವವಿದ್ಯಾಲಯವನ್ನು ಏಕೆ ಕಟ್ಟಿದೆವು?

ಇದರಿಂದ ಒಳ್ಳೆಯ ಸಲಹೆಗಾರರು ದೂರ ಸರಿಯುತ್ತಾರೆಂಬ ಆಕ್ಷೇಪ ಬರಬಹುದು. ನನಗೆ ಹಾಗೆನಿಸುವುದಿಲ್ಲ. ತಮ್ಮ ಕೆಲಸದ ಬಗ್ಗೆ ಹೆಮ್ಮೆಯಿರುವವರು ಹೆಸರು ಹಾಕಲು ಹಿಂಜರಿಯುವುದಿಲ್ಲ. ಹಿಂಜರಿಯುವವರು ದೂರ ಉಳಿದರೆ ನಷ್ಟವೂ ಇಲ್ಲ. 1905ರ ಕಣಗಿನಹಾಳದ ರೈತರಂತೆ ಸಲಹೆಗಾರರು ತಮ್ಮ ಹೊಲವನ್ನೇ ಪಣಕ್ಕಿಡಬೇಕೆಂದು ಯಾರೂ ಕೇಳುತ್ತಿಲ್ಲ. ತಮ್ಮ ಹೆಸರನ್ನಾದರೂ ಇಡಲಿ ಎನ್ನುವುದು ಅತಿಯಾದ ಬೇಡಿಕೆಯಲ್ಲ.