ಡಯಾಲಿಸಿಸ್ ತಪ್ಪಿದರೆ ಏಟು ಬೀಳೋದು ಗುಂಡಿಗೆಗೆ!

"ಈ ಸಲ ಡಯಾಲಿಸಿಸ್ ಬಿಟ್ರೆ ಏನಾಗುತ್ತೆ? ಮೈ ಸ್ವಲ್ಪ ಊದಿಕೊಳ್ಳುತ್ತೆ, ಮುಂದಿನ ಸಲ ಹೋದ್ರಾಯ್ತು" ಎನ್ನುವ ಮಾತು ಕಿಡ್ನಿ ರೋಗಿಗಳ ಮನೆಗಳಲ್ಲಿ ಸಾಮಾನ್ಯ. ಈ ಮಾತು ಜೀವಕ್ಕೇ ಎರವಾಗಬಹುದು ಎಂಬುದನ್ನು ಹೇಳಲೇಬೇಕಾಗಿದೆ.

ನಮ್ಮ ಗುಂಡಿಗೆ ಬಡಿಯುವುದು ಒಂದು ಬಗೆಯ ವಿದ್ಯುತ್ತಿನಿಂದ. ಅದನ್ನು ಹದದಲ್ಲಿಡುವ ಲವಣಗಳಲ್ಲಿ ಪೊಟ್ಯಾಸಿಯಂ ಮುಖ್ಯವಾದದ್ದು. ರಕ್ತದಲ್ಲಿ ಅದು 3.5ರಿಂದ 5ರ ಒಳಗಿರಬೇಕು. ಹೆಚ್ಚಾದದ್ದನ್ನು ಕಿಡ್ನಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಕಿಡ್ನಿ ಕೈಕೊಟ್ಟ ಮೇಲೆ ಅದು ರಕ್ತದಲ್ಲೇ ಕೂಡುತ್ತಾ ಹೋಗುತ್ತದೆ. 6 ದಾಟಿತೆಂದರೆ ಅಪಾಯ. ಇ.ಸಿ.ಜಿ.ಯಲ್ಲಿ 'ಟಿ' ಅಲೆ ಗೋಪುರದಂತೆ ಚೂಪಾಗಬಹುದು. ಇನ್ನೂ ಏರಿದರೆ ಅಲೆಗಳು ಅಗಲವಾಗಿ, ಬಡಿತ ನಿಧಾನವಾಗಿ, ಕಡೆಗೆ ಗುಂಡಿಗೆ ನಿಂತೇ ಹೋಗಬಹುದು. ಎಷ್ಟೋ ಸಲ ಮುನ್ಸೂಚನೆಯೂ ಇರುವುದಿಲ್ಲ.

ಹಾಗಾದರೆ ಮುಂದಿನ ಸಲ ಎಲ್ಲಾ ಒಟ್ಟಿಗೆ ತೊಳೆಸಿದರಾಯಿತೇ? ಅದೂ ಆಗದು. ದಿನಗಟ್ಟಲೆ ಕೂಡಿದ್ದನ್ನು ಯಂತ್ರ ಸುಮಾರು 4 ಗಂಟೆಯಲ್ಲಿ ತೆಗೆಯುತ್ತದೆ. ಪೊಟ್ಯಾಸಿಯಂ ಸರ್ರನೆ ಇಳಿದರೆ ಇ.ಸಿ.ಜಿ.ಯ 'ಕ್ಯೂ-ಟಿ' ಅಂತರ ಉದ್ದವಾಗಿ ಬಡಿತ ತಾಳ ತಪ್ಪುವ ಭಯವಿದೆ. ಅಂಗಡಿ ಸಾಲದಂತೆ ಬಾಕಿ ಬೆಳೆಸಿ ಒಂದೇ ದಿನ ತೀರಿಸುವ ಲೆಕ್ಕ ಇದಲ್ಲ ಸ್ವಾಮಿ.

ವಾರಕ್ಕೆ 3 ಸಲ ಡಯಾಲಿಸಿಸ್ ಪಡೆಯುವ 32 ಸಾವಿರ ರೋಗಿಗಳ ಲೆಕ್ಕ ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾಯಿತು. ವಾರದಲ್ಲೊಮ್ಮೆ ಬರುವ ಎರಡು ದಿನದ ಬಿಡುವು ಮುಗಿದ ಮಾರನೇ ದಿನವೇ ಸಾವು ಹೆಚ್ಚು ಎಂದು ಅದರಿಂದ ಗೊತ್ತಾಯಿತು. 3 ಸಲ ಮಾಡಿಸಿಕೊಂಡವರ ಗತಿಯೇ ಹೀಗಾದರೆ, ವಾರಕ್ಕೆ 2 ಸಲಕ್ಕೇ ಸುಸ್ತಾಗುವ ನಮ್ಮ ಬಡವರ ಗತಿ ಏನು?

ಕೇಂದ್ರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಆರಂಭವಾಗಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಪುಕ್ಕಟೆ ಚಿಕಿತ್ಸೆ ಸಿಗುವಂತಾಯಿತು. ಒಳ್ಳೆಯದೇ. ಆದರೆ ಹಳ್ಳಿಯಿಂದ ಬರುವ ಖರ್ಚು, ಜೊತೆಗೆ ಬಂದವನ ಒಂದು ದಿನದ ಕೂಲಿ ಪುಕ್ಕಟೆ ಅಲ್ಲವಲ್ಲ! ಯಂತ್ರ ಕೆಟ್ಟರೆ "ನಾಳೆ ಬನ್ನಿ" ಅಂದುಬಿಡುವುದು ಸುಲಭ. ಭಾನುವಾರದ ಜೊತೆಗೆ ಸೋಮವಾರವೂ ಸರ್ಕಾರಿ ರಜೆ ಬಿದ್ದು ಘಟಕಕ್ಕೆ ಬೀಗ ಹಾಕಿದರೆ ಬಿಡುವು ಇನ್ನೂ ಲಂಬಿಸುತ್ತದೆ. ಈ "ನಾಳೆ"ಯ ಬೆಲೆ ಎಷ್ಟೆಂದು ಅಧಿಕಾರಿಗಳು ಯೋಚಿಸಲಿ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಡಯಾಲಿಸಿಸ್ ಘಟಕದಲ್ಲೇ ಒಂದು ಇ.ಸಿ.ಜಿ. ಯಂತ್ರ ಇರಲಿ. ಪೊಟ್ಯಾಸಿಯಂ ಪರೀಕ್ಷೆಯ ಫಲಿತಾಂಶ ಅಂದೇ ಕೈಗೆ ಸಿಗಲಿ. ಯಂತ್ರ ಕೆಟ್ಟರೆ ರೋಗಿಯನ್ನು ಬೇರೆ ಕಡೆಗೆ ಕಳಿಸುವ ಏರ್ಪಾಡು ಮೊದಲೇ ಆಗಿರಲಿ. ಹಬ್ಬ, ರಜೆ ಅಂತ ಘಟಕಕ್ಕೆ ಬೀಗ ಬೀಳದಿರಲಿ.

ನಮ್ಮ ನಿಮ್ಮ ಪಾಲೂ ಇದೆ. ಕೆಲಸದ ಹುಡುಗನ ಅಪ್ಪನಿಗೆ ಡಯಾಲಿಸಿಸ್ ದಿನವಾದರೆ ಅಂಗಡಿ ಮಾಲೀಕರು ರಜೆ ಕೊಡಲಿ. ಚಿಕಿತ್ಸೆ ಮುಗಿಸಿ ಬಂದವನಿಗೆ ರಕ್ತದೊತ್ತಡ ಇಳಿದು ತಲೆ ಸುತ್ತುವುದುಂಟು. ಬಸ್ಸಿನಲ್ಲಿ ಒಂದು ಸೀಟು ಬಿಟ್ಟುಕೊಡಿ. ಪ್ರೀತಿಯಿಂದ ಎಳನೀರು, ಬಾಳೆಹಣ್ಣು ಕೊಟ್ಟು ಉಪಚರಿಸಲು ಮಾತ್ರ ಹೋಗಬೇಡಿ. ಎರಡರಲ್ಲೂ ಪೊಟ್ಯಾಸಿಯಂ ತುಂಬಿದೆ. ಡಾಕ್ಟರನ್ನು ಕೇಳದೆ ಅವು ಬೇಡವೇ ಬೇಡ.

ಸಂಬಂಧಪಟ್ಟವರು ಈಗಲಾದರೂ ಎಚ್ಚೆತ್ತುಕೊಳ್ಳುವರೇ?